ಇಂಗ್ಲೆಂಡ್: ದಂಡ ಹಾಕಿದರೂ ನದಿಗೆ ಕೊಳಚೆ ಯಾಕೆ ನಿಲ್ಲುತ್ತಿಲ್ಲ

ಇಂಗ್ಲೆಂಡಿನ ನೀರಿನ ಕಂಪನಿಗಳು ದಂಡ ಕಟ್ಟಿಯೂ ನದಿಗೆ ಕೊಳಚೆ ಬಿಡ್ತಾನೇ ಇವೆ, ಇದು ಕಾನೂನುಬದ್ಧವಾ ಅಂತ ಕೇಳಿದ್ದೀರಿ. ಅರ್ಧ ಹೌದು, ಸಮಸ್ಯೆ ಇರೋದೇ ಅಲ್ಲಿ. ಅಲ್ಲಿನ ಹಳೇ ಊರುಗಳಲ್ಲಿ ಮಳೆನೀರು, ಶೌಚಾಲಯದ ನೀರು ಎರಡೂ ಒಂದೇ ಪೈಪಿನಲ್ಲಿ ಹೋಗುತ್ತವೆ, ಹಾಗಾಗಿ ಜೋರು ಮಳೆ ಬಂದಾಗ ಅದು ಮನೆಗಳಿಗೆ ವಾಪಸ್ ನುಗ್ಗಬಾರದು ಅಂತ ನದಿಗೆ ಬಿಡಲು ಅನುಮತಿ ಕೊಟ್ಟಿದ್ದಾರೆ. ಅಪರೂಪಕ್ಕೆ ಮಾತ್ರ. ಆದರೆ 2023ರಲ್ಲಿ ಕೊಳಚೆ ಬಿಡುವ ಎಲ್ಲ ಜಾಗಗಳದ್ದೂ ಸೇರಿಸಿದರೆ ಒಟ್ಟು 36 ಲಕ್ಷ ಗಂಟೆ ಬಿಟ್ಟಿದ್ದಾರೆ, ಇದು ಅಪರೂಪ ಅಲ್ವೇ ಅಲ್ಲ!

1989ರಲ್ಲಿ ಈ ನೀರಿನ ಸಂಸ್ಥೆಗಳನ್ನು ಖಾಸಗಿಗೆ ಮಾರುವಾಗ ಸರ್ಕಾರ ಹಳೇ ಸಾಲವನ್ನೆಲ್ಲ ಮನ್ನಾ ಮಾಡಿತ್ತು. ಆಮೇಲೆ ಕಂಪನಿಗಳು ಸಾವಿರಾರು ಕೋಟಿ ಪೌಂಡ್ ಸಾಲ ಮಾಡಿದವು, ಷೇರುದಾರರಿಗೆ ಲಾಭ ಹಂಚಿದವು, ಪೈಪು ಹಳೇದೇ ಉಳಿಯಿತು. ಇನ್ನೊಂದು ವಿಷಯ ನನಗೆ ತುಂಬಾ ಸಿಟ್ಟು ತರಿಸುತ್ತದೆ. ಕೊಳಚೆ ಶುದ್ಧೀಕರಣ ಘಟಕದ ನೀರಿನ ಮಾದರಿಯನ್ನು ಹೆಚ್ಚಾಗಿ ಕಂಪನಿಯವರೇ ತೆಗೆದು, ಅವರೇ ವರದಿ ಕೊಡುವ ಪದ್ಧತಿ ವರ್ಷಗಟ್ಟಲೆ ನಡೆಯಿತು. ಸದರ್ನ್ ವಾಟರ್ ಅನ್ನೋ ನೀರಿನ ಕಂಪನಿ 2010ರಿಂದ 2015ರವರೆಗೆ ಬೇಕಂತಲೇ ಕೊಳಚೆ ಬಿಟ್ಟಿದ್ದಕ್ಕೆ 9 ಕೋಟಿ ಪೌಂಡ್ ದಂಡ ಬಿದ್ದದ್ದು 2021ರಲ್ಲಿ. ಅಷ್ಟರಲ್ಲಿ ನದಿ, ಸಮುದ್ರ ಎಲ್ಲ ಅನುಭವಿಸಿ ಆಗಿತ್ತು.