ಪ್ರತಿಕ್ರಿಯೆ: ತಪಾಸಣೆ ತಪ್ಪಿದ ವಿಮಾನ, ಅಮ್ಮನ ಭಯ

ತಪಾಸಣೆ ತಪ್ಪಿಸಿದ ವಿಮಾನಗಳ ಸುದ್ದಿ ಓದಿ ನಿಮ್ಮಮ್ಮ ತೋರಣಗಲ್ಲಿನಿಂದ ಬೆಂಗಳೂರಿಗೆ ಹಾರಲು ಒಲ್ಲೆ ಅಂತಿದ್ದಾರೆ, ಏನು ಹೇಳಲಿ ಅಂತ ಕೇಳಿದ್ದೀರಿ. ಭಯ ಸುಳ್ಳಲ್ಲ. ಅಮೆರಿಕದ ಸೌತ್‌ವೆಸ್ಟ್ ಕಂಪನಿ 46 ಬೋಯಿಂಗ್ 737ಗಳನ್ನು ಬಿರುಕಿನ ತಪಾಸಣೆ ಮಾಡದೆಯೇ ಹಾರಿಸಿತ್ತು. ಆಮೇಲೆ ನೋಡಿದರೆ ಆರರಲ್ಲಿ ಬಿರುಕು! 2008ರಲ್ಲಿ ಅಲ್ಲಿನ ನಿಯಂತ್ರಕರು 1.02 ಕೋಟಿ ಡಾಲರ್ ದಂಡ ಹೇಳಿದರು, ಕೊನೆಗೆ 75 ಲಕ್ಷಕ್ಕೆ ಇತ್ಯರ್ಥವಾಯಿತು. ಆದರೆ ಆ ಬಿರುಕುಗಳಿಂದ ಯಾವ ವಿಮಾನವೂ ಬೀಳಲಿಲ್ಲ.

ಯಾಕೆ? ನಾನು ಇಲ್ಲೇ ಕಾರ್ಖಾನೆಯೊಂದರಲ್ಲಿ ಕ್ರೇನ್ ನಿರ್ವಹಣೆ ಮಾಡಿದವನು, ಲೆಕ್ಕ ಅದೇ ಜಾತಿಯದು. ಕಣ್ಣಿಗೆ ಬೀಳುವ ಬಿರುಕು ಅಪಾಯದ ಮಟ್ಟಕ್ಕೆ ಬೆಳೆಯಲು ಎಷ್ಟು ಹಾರಾಟ ಬೇಕೋ, ಅದರ ಅರ್ಧಕ್ಕೂ ಮೊದಲೇ ತಪಾಸಣೆ ಬರುವಂತೆ ಅವಧಿ ಇಟ್ಟಿರುತ್ತಾರೆ. ಒಂದು ತಪ್ಪಿದರೂ ಇನ್ನೊಂದಕ್ಕೆ ಸಿಗಲಿ ಅಂತ. ಹಾಗಂತ ತಪ್ಪಿಸಿದವರನ್ನು ಬಿಡಬಾರದು. ಆ ಅವಕಾಶ ಇರೋದು ಕಣ್ತಪ್ಪಿಗೆ, ಸೋಮಾರಿತನಕ್ಕಲ್ಲ. 1988ರಲ್ಲಿ ಅಮೆರಿಕದ ಅಲೋಹಾ ಕಂಪನಿಯ ವಿಮಾನವೊಂದರಲ್ಲಿ ಬಿರುಕುಗಳು ತಪಾಸಣೆಗೆ ಸಿಗದೇ ಉಳಿದು, ಚಾವಣಿಯೇ ಆಕಾಶದಲ್ಲಿ ಕಿತ್ತುಹೋಗಿ ಗಗನಸಖಿಯೊಬ್ಬರು ಸತ್ತರು.

ಅಮ್ಮನಿಗೆ ಇಷ್ಟೆಲ್ಲ ಹೇಳಬೇಡಿ ಮಾರಾಯರೆ. ಒತ್ತಾಯವೂ ಬೇಡ. ಈ ಸಲ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತ್ ಮಾಡಿಸಿ. ನಾನಾದರೆ ವಿಮಾನವನ್ನೇ ಹತ್ತುತ್ತೇನೆ, ಅದು ಬೇರೆ ಮಾತು.