ಜಾಗ ಕಂಡ ತಕ್ಷಣ ನೆನಪು ಬರುವುದು ಸಹಜವೇ

ಎರಡೂವರೆ ವರ್ಷದ ಮಗಳು ಪಾರ್ಕಿನ ಗೇಟ್ ಕಂಡ ಕೂಡಲೇ ‘ಇಲ್ಲಿ ನಾಯಿ ಬೊಗಳಿತ್ತು’ ಅಂದಳು, ಅದು ನಡೆದು ನಾಲ್ಕು ತಿಂಗಳಾಗಿದೆ, ಮನೆಯಲ್ಲಿ ಕೇಳಿದರೆ ಮಾತ್ರ ಬಾಯೇ ಬಿಡಲ್ಲ ಅಂತ ಬರೆದಿದ್ದೀರಿ. ಗಾಬರಿ ಬೇಡ, ಇದು ಸಹಜ.

ಈ ವಯಸ್ಸಿನಲ್ಲಿ ನೆನಪು ಇರುತ್ತದೆ. ಅದನ್ನು ತಾನಾಗಿ ಹುಡುಕಿ ತೆಗೆಯುವುದೇ ಕಷ್ಟ. ‘ಅವತ್ತು ಏನಾಯ್ತು?’ ಅನ್ನುವ ಪ್ರಶ್ನೆಯಲ್ಲಿ ಮಗುವಿಗೆ ಹಿಡಿದುಕೊಳ್ಳಲು ಏನೂ ಸಿಗಲ್ಲ. ಗೇಟ್ ಎದುರು ನಿಂತರೆ ಆ ಜಾಗವೇ ನೆನಪಿನ ತುದಿ ಹಿಡಿದು ಎಳೆಯುತ್ತದೆ.

ಅಮೆರಿಕದ ಮನೋವಿಜ್ಞಾನಿ ಕ್ಯಾರೊಲಿನ್ ರೋವಿ-ಕೋಲಿಯರ್ ಇದನ್ನು ಕೂಸುಗಳಲ್ಲೇ ನೋಡಿದ್ದರು. ಕಾಲಿಗೆ ರಿಬ್ಬನ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ತೊಟ್ಟಿಲ ಮೇಲೆ ತೂಗುವ ಆಟಿಕೆಗೆ ಕಟ್ಟುತ್ತಿದ್ದರು. ಒದ್ದರೆ ಆಟಿಕೆ ಕುಣಿಯುತ್ತದೆ. ಮೂರು ತಿಂಗಳ ಕೂಸು ಇದನ್ನು ಸುಮಾರು ಒಂದು ವಾರ ನೆನಪಿಡುತ್ತಿತ್ತು. ಮರೆತ ಮೇಲೂ ಆಟಿಕೆ ಕುಣಿಯುವುದನ್ನು ಸುಮ್ನೆ ತೋರಿಸಿದರೆ ಸಾಕು, ಮರುದಿನ ಮತ್ತೆ ಒದೆಯುತ್ತಿತ್ತು! ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಇನ್ನೊಂದು ವಿಷಯ. ಆರು ತಿಂಗಳ ಕೂಸುಗಳಿಗೆ ಆಟಿಕೆ ಅದೇ ಇಟ್ಟು, ತೊಟ್ಟಿಲ ಸುತ್ತಲಿನ ಬಟ್ಟೆ ಬದಲಿಸಿದರೂ ಸಾಕು, ಮರುದಿನವೇ ಏನೂ ಗೊತ್ತಿಲ್ಲದಂತೆ ಇರುತ್ತಿದ್ದವು.

ದೊಡ್ಡವರೂ ಏನೋ ತರಲು ಎದ್ದು ಹೋಗಿ, ಮರೆತು, ಮತ್ತೆ ಮೊದಲಿನ ಕೋಣೆಗೇ ಬಂದು ನೆನಪಿಸಿಕೊಳ್ಳುತ್ತೇವೆ ಅಲ್ವಾ?

ಮನೆಯಲ್ಲಿ ಮಾತಾಡಿಸಬೇಕೆಂದರೆ ಆ ದಿನದ ಫೋಟೊ, ಅವತ್ತು ಹಾಕಿದ್ದ ಚಪ್ಪಲಿ ತೋರಿಸಿ. ಆದರೆ ‘ನಾಯಿ ಕಚ್ಚೋಕೆ ಬಂತಾ?’ ಅಂತೆಲ್ಲ ನೀವೇ ಬಾಯಿಗೆ ಮಾತು ಕೊಡಬೇಡಿ. ಈ ವಯಸ್ಸಿನ ಮಕ್ಕಳು ಸುಲಭವಾಗಿ ‘ಹೂಂ’ ಅಂದುಬಿಡುತ್ತಾರೆ.