ಆ ಮೇಲಂಗಿಯಿಂದ ಶುರು ಮಾಡಿ

ನಮಸ್ಕಾರ,

ಹೆಸರಾಂತರ ಭಾವಚಿತ್ರಗಳನ್ನು ಕೂಡಿಹಾಕಿದ ಇಟಲಿಯ ಇತಿಹಾಸಕಾರ ಪಾವೊಲೊ ಜೋವಿಯೊ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

1483ರಲ್ಲಿ ಇಟಲಿಯ ಕೊಮೊದಲ್ಲಿ ಹುಟ್ಟಿದ, ವೈದ್ಯನಾದ, ಪೋಪ್ ಆಸ್ಥಾನ ಸೇರಿದ, ಬಿಷಪ್ ಆದ. ಮೊದಲ ಮೂರು ಪುಟ ಪೂರ್ತಿ ಇದೇ. ಇದು ಬಯೋಡೇಟಾ ಆಯಿತು, ಅಲ್ವಾ? ನಾಲ್ಕನೇ ಪುಟದ ಒಂದು ಸಾಲಿನಲ್ಲಿ ಸಿಕ್ಕಿಬಿದ್ದಿದೆ ನಿಮ್ಮ ನಿಜವಾದ ಆರಂಭ. 1527, ರೋಮ್ ಲೂಟಿಯಾಗುತ್ತಿದೆ. ಪೋಪ್ ಏಳನೇ ಕ್ಲೆಮೆಂಟ್ ಕೋಟೆಯ ಕಡೆ ಓಡುತ್ತಿದ್ದಾರೆ. ಅವರ ಬಿಳಿ ಉಡುಪು ಸೈನಿಕರ ಕಣ್ಣಿಗೆ ಬೀಳಬಾರದೆಂದು ಜೋವಿಯೊ ತನ್ನ ನೇರಳೆ ಮೇಲಂಗಿಯನ್ನು ಅವರಿಗೆ ಹೊದಿಸುತ್ತಾನೆ. ಈ ಕಥೆ ಹೇಳಿದವನು ಜೋವಿಯೊನೇ. ಅದನ್ನೂ ಬರೆಯಿರಿ, ಆಗ ಆಸಾಮಿ ಎಂಥವನು ಅಂತ ಓದುಗರಿಗೆ ತಾನಾಗಿ ಗೊತ್ತಾಗುತ್ತದೆ.

‘ಭಾವಚಿತ್ರ ಸಂಗ್ರಹ ಅವನ ಹವ್ಯಾಸವಾಗಿತ್ತು’ ಎಂದಿದ್ದೀರಿ. ಹವ್ಯಾಸವೇ! ಅದಕ್ಕೋಸ್ಕರ ಕೊಮೊ ಸರೋವರದ ದಂಡೆಯಲ್ಲಿ ಮನೆಯನ್ನೇ ಕಟ್ಟಿಸಿದ ಪುಣ್ಯಾತ್ಮ. ಮುಖ ಹೋಲಲೇಬೇಕು ಅನ್ನುವುದು ಅವನ ಹಠ. ದೊರೆಗಳಿಗೆ, ಗೆಳೆಯರಿಗೆ ಪತ್ರ ಬರೆದು ಚಿತ್ರ ಬೇಡುತ್ತಿದ್ದ. ಸತ್ತವರಾದರೆ ಹಳೆಯ ನಾಣ್ಯ, ಪದಕ ಹುಡುಕಿಸುತ್ತಿದ್ದ. ಒಟ್ಟೊಮನ್ ನೌಕಾಪತಿ ಬಾರ್ಬರೋಸನ ಕಡೆಯಿಂದ ಬಂದ ಸುಲ್ತಾನರ ಚಿತ್ರಗಳನ್ನೂ ಬಿಡಲಿಲ್ಲ, ನಕಲು ಮಾಡಿಸಿಕೊಂಡ. ಪ್ರತಿ ಚಿತ್ರದ ಜೊತೆಗೆ ಚರ್ಮದ ಹಾಳೆಯ ಮೇಲೆ ಆ ವ್ಯಕ್ತಿಯ ಬದುಕು, ಚುಟುಕಾಗಿ. ಆ ಚೀಟಿಗಳೇ ಬೆಳೆದು 1546ರಲ್ಲಿ ಪುಸ್ತಕವಾದವು. ನನಗೆ ಲೇಖನದ ನಡುಮನೆ ಇದು. ನೀವು ಅದನ್ನು ಜಗಲಿಯಲ್ಲಿ ಕೂರಿಸಿದ್ದೀರಿ.

ಒಂದು ತಪ್ಪೂ ಇದೆ. ಅವನಲ್ಲಿದ್ದ ಕೊಲಂಬಸ್ ಚಿತ್ರ ‘ಎದುರು ಕೂರಿಸಿ ಬರೆದದ್ದು’ ಎಂದಿದ್ದೀರಿ. ಕೊಲಂಬಸ್ ಬದುಕಿದ್ದಾಗಲೇ ಬರೆದದ್ದೆಂದು ಖಚಿತವಾದ ಚಿತ್ರ ಒಂದೂ ಸಿಕ್ಕಿಲ್ಲ. ಹೋಲಿಕೆಗಾಗಿ ಅಷ್ಟು ಒದ್ದಾಡಿದವನ ಗೋಡೆಯ ಮೇಲೇ ಇಂಥದ್ದೊಂದು ಇತ್ತು. ಅದನ್ನು ಮುಚ್ಚಬೇಡಿ, ಬಿಡಿಸಿ ಹೇಳಿ.

1552ರಲ್ಲಿ ಫ್ಲಾರೆನ್ಸಿನ ದೊರೆ ಕೊಸಿಮೊ ಈ ಚಿತ್ರಗಳನ್ನು ನಕಲು ಮಾಡಲು ಕಲಾವಿದನೊಬ್ಬನನ್ನು ಕೊಮೊಗೆ ಕಳಿಸಿದ. ಅದೇ ವರ್ಷದ ಕೊನೆಗೆ ಜೋವಿಯೊ ತೀರಿಕೊಂಡ. ಮೂಲಗಳು ಚೆದುರಿಹೋದವು, ನಕಲುಗಳು ಇಂದಿಗೂ ಫ್ಲಾರೆನ್ಸಿನ ಉಫೀಜಿ ಕಲಾಸಂಗ್ರಹಾಲಯದಲ್ಲಿವೆ. ನಿಮ್ಮ ಕೊನೆಯ ಪುಟದಲ್ಲಿ ಇದು ಚೆನ್ನಾಗಿಯೇ ಬಂದಿದೆ, ಮುಟ್ಟಬೇಡಿ.

ಇನ್ನು ಸಣ್ಣಪುಟ್ಟದ್ದು. ಜೋವಿಯೊ ಒಂದು ಕಡೆ ‘ಅವರು’, ಇನ್ನೊಂದು ಕಡೆ ‘ಅವನು’. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ. ‘ಪುನರುಜ್ಜೀವನ’ ಹನ್ನೊಂದು ಸಲ ಬಂದಿದೆ, ಎರಡು ಸಾಕು. ಎರಡು ಸಾವಿರ ಪದಕ್ಕೆ ಇಳಿಸಿ, ತಿಂಗಳೊಳಗೆ ಕಳಿಸಿ. ನಾನೇ ಓದುತ್ತೇನೆ.

— ಸಂಪಾದಕ